ಜೈತುನಬೀ ಗೋಡೆಯ ನೂರನೇ ಬೊಟ್ಟು

ಸುರಪುರದಿಂದ ಶಹಾಪುರದ ಮೇಲೆ ಹಾದು ಯಾದಗಿರಿಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ಮರಿಲಿಂಗಪ್ಪನಿಗೆ ಎರಡು ಚಟಗಳಿದ್ದವು. ಒಂದು, ದವಡೆಯಲ್ಲಿ ಸದಾ ಲವಂಗ ಇಟ್ಟುಕೊಳ್ಳುವುದು. ಇನ್ನೊಂದು, ಹಕ್ಕಿ ಕಂಡರೆ ಸೀಟಿ ಊದಿ ಬಸ್ಸು ನಿಲ್ಲಿಸುವುದು. ಲವಂಗದಿಂದ ಯಾರಿಗೂ ತೊಂದರೆ ಇರಲಿಲ್ಲ. ಹಕ್ಕಿಯಿಂದ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಸುರಪುರದಲ್ಲಿ ಮನೆ ಮಾಡಿಕೊಂಡು, ಶಹಾಪುರ ದಾಟಿದ ಮೇಲೆ ಬರುವ ಒಂದು ಹಳ್ಳಿಯ ಶಾಲೆಗೆ ದಿನಾ ಅದೇ ಬಸ್ಸಿಗೆ ಹೋಗಿಬರುತ್ತಿದ್ದ ಟೀಚರ್. ಪ್ರಾರ್ಥನೆ ಶುರುವಾದ ಮೇಲೆ ಗೇಟಿನಲ್ಲಿ ಇಳಿದು, ಸಾಲಾಗಿ ನಿಂತ ಮಕ್ಕಳ ಮುಂದೆ ಕೊಡೆ ಮಡಚುತ್ತ ನಡೆದುಹೋಗುವುದು ಎಂಥ ಅವಮಾನ ಎನ್ನುವುದು ಅನುಭವಿಸಿದವರಿಗೇ ಗೊತ್ತು.

"ಮರಿಲಿಂಗಪ್ಪ, ಇದು ಸರಕಾರಿ ಬಸ್ಸೋ, ನಿಮ್ಮ ಮನಿ ಚಕ್ಕಡಿಯೋ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ದೇವಕಮ್ಮ ಅಕ್ಕೋರೆ, ಹಕ್ಕಿ ನಿಂದ್ರಂಗಿಲ್ರಿ. ನಿಮ್ಮ ಸಾಲಿ ಎಲ್ಲಿ ಹಾರಿ ಹೋಗ್ತದ?" ಎಂದ.

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ನಗಲಿಲ್ಲ. ಆದರೆ ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುವಾಗ ಆ ಮಾತು ನೆನಪಾಗಿ ನನಗೂ ನಗು ಬಂತು. ಮುಂದೆ ಅವನ ಹಕ್ಕಿಯ ಲೆಕ್ಕಕ್ಕೆ ನಾನೇ ಸಾಕ್ಷಿ ಹೇಳುವ ಹೆಂಗಸಾದದ್ದು ಆ ನಗುವಿನಿಂದಲೇ ಇರಬೇಕು.

ಮರಿಲಿಂಗಪ್ಪ ಯಾದಗಿರಿ ತಾಲ್ಲೂಕಿನ ಬಳಿಚಕ್ರದವನು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ ಎನ್ನುವ ನೆಲ ಅದು. ಎಳೆಯ ವಯಸ್ಸಿನಲ್ಲಿ ಅವನಪ್ಪ ಮಹಾದೇವಪ್ಪ ಅವನ ಕೈಗೆ ಕವಣೆ ಕೊಟ್ಟು, ಜೋಳದ ಹೊಲದ ಅಟ್ಟದ ಮೇಲೆ ಹಕ್ಕಿ ಕಾಯಲು ಕೂಡಿಸುತ್ತಿದ್ದನಂತೆ. ಸಂಜೆ ಅಪ್ಪ ಬಂದು ನೋಡಿದರೆ ಕವಣೆ ಕಲ್ಲುಗಳು ಒಂದೂ ಖರ್ಚಾಗದೆ ಹಾಗೇ ಕುಪ್ಪೆ ಬಿದ್ದಿರುತ್ತಿದ್ದವು. "ಅಪ್ಪಾ, ಇವತ್ತ ಆರು ನಮೂನಿ ಹಕ್ಕಿ ಬಂದಿದ್ವು" ಎಂದು ಮಗ ಸಂಭ್ರಮದಿಂದ ವರದಿ ಒಪ್ಪಿಸುತ್ತಿದ್ದ. "ನಮೂನಿ ಎಣಿಸಾಕ ಕುಂದ್ರಿಸಿಲ್ಲ ಮಗನ, ಹೊಡಿಯಾಕ ಕುಂದ್ರಿಸೀನಿ" ಎಂದು ಅಪ್ಪ ಬೈಯುತ್ತಿದ್ದ. ಈ ಕತೆಯನ್ನು ಮರಿಲಿಂಗಪ್ಪ ನಮಗೆ ಎಷ್ಟೋ ಸಲ ಹೇಳಿದ್ದಾನೆ, ಪ್ರತಿಸಲವೂ ಹೊಸದಾಗಿ ಹೇಳುವವನ ಹಾಗೆ.

ಆಳು ಎತ್ತರ. ಬಸ್ಸಿನಲ್ಲಿ ನೆಟ್ಟಗೆ ನಿಂತರೆ ತಲೆ ಸೂರಿಗೆ ತಾಗುತ್ತಿತ್ತು, ಕಿಟಕಿಯ ಹೊರಗೆ ನೋಡಬೇಕೆಂದರೆ ಸೊಂಟ ಬಗ್ಗಿಸಬೇಕು. ಒಂದು ಕೈಯಲ್ಲಿ ಟಿಕೆಟ್ಟಿನ ಕಟ್ಟು, ಇನ್ನೊಂದು ಕೈ ಮೇಲಿನ ಸಲಾಕೆಗೆ, ಕಣ್ಣು ಮಾತ್ರ ಯಾರದೋ ಭುಜದ ಮೇಲಿಂದ, ಇನ್ಯಾರದೋ ಗಂಟಿನ ಸಂದಿಯಿಂದ ಹೊರಗೆ. ಇಡೀ ನೌಕರಿಯಲ್ಲಿ ಅವನಿಗೆ ಕಿಟಕಿಯ ಸೀಟು ಸಿಕ್ಕಿದ್ದೇ ಇಲ್ಲ. ಅವನ ಹೆಂಡತಿ ಲಾಲಮ್ಮ ಒಮ್ಮೆ ನನ್ನ ಪಕ್ಕದಲ್ಲಿ ಕೂತು ಹೇಳಿದಳು: "ಟಿಕೆಟ್ ತಗೊಂಡ ಮಂದಿ ಮಾರಿ ನೋಡಂಗಿಲ್ಲ. ಟಿಕೆಟ್ ತಗೊಳ್ಳಾರದ ಹಕ್ಕೀನೇ ನೋಡ್ಕೋತ ನಿಂತಿರ್ತಾನ. ಇವಂಗ ಪಗಾರ ಯಾರು ಕೊಡ್ತಾರ ನೋಡ್ರಿ ಅಕ್ಕೋರೆ."

ಇನ್ನು ಲೆಕ್ಕದ ವಿಷಯ. ಕಾಲುವೆ ಬಂದ ಮೇಲೆ ನಮ್ಮ ಕಡೆ ಯುಗಾದಿಗೆ ವರ್ಷ ಶುರುವಾಗುವುದು ಪಂಚಾಂಗದಲ್ಲಿ ಮಾತ್ರ. ಮಂದಿಯ ಬಾಯಲ್ಲಿ ವರ್ಷ ಶುರುವಾಗುವುದು ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನ. ಮದುವೆ, ಕೂಸು ಹುಟ್ಟಿದ್ದು, ಮನೆಗೆ ತಗಡು ಹೊದಿಸಿದ್ದು ಎಲ್ಲವನ್ನೂ "ನೀರು ಬಿಟ್ಟ ಮ್ಯಾಲ", "ನೀರು ಬಂದ್ ಆದ ಮ್ಯಾಲ" ಎಂದೇ ನೆನಪಿಡುತ್ತಾರೆ. ಮರಿಲಿಂಗಪ್ಪನ ಹಕ್ಕಿಯ ವರ್ಷವೂ ಅದೇ. ಮುಂಗಾರಿನಲ್ಲಿ ಕಾಲುವೆಗೆ ನೀರು ಬಿಟ್ಟ ದಿನ ಸೊನ್ನೆಯಿಂದ ಶುರು, ಮರುವರ್ಷ ನೀರು ಬಿಡುವ ಹೊತ್ತಿಗೆ ಮುಗಿಯಿತು. ಅಷ್ಟರೊಳಗೆ ಎಷ್ಟು ನಮೂನೆಯ ಹಕ್ಕಿ ಕಂಡವು ಎನ್ನುವುದೇ ಆ ವರ್ಷದ ಗಳಿಕೆ.

ಗಳಿಕೆ ಬರೆಯುವ ಜಾಗ ಶಹಾಪುರ ಬಸ್‌ಸ್ಟ್ಯಾಂಡಿನ ಪಕ್ಕದ ಜೈತುನಬೀ ಚಹಾದಂಗಡಿ. ಒಲೆಯ ಹಿಂದಿನ ಗೋಡೆ ಹೊಗೆ ಕುಡಿದು ಕಪ್ಪಗಾಗಿತ್ತು. ಹೊಸ ಹಕ್ಕಿ ಕಂಡ ದಿನ ಜೈತುನಬೀ ಎಲೆಯಡಿಕೆ ಡಬ್ಬಿಯ ಸುಣ್ಣದಲ್ಲಿ ಬೆರಳು ಅದ್ದಿ, ಆ ಕಪ್ಪು ಗೋಡೆಗೆ ಒಂದು ಬೊಟ್ಟು ಇಡುತ್ತಿದ್ದಳು. ಒಬ್ಬೊಬ್ಬರಿಗೆ ಒಂದೊಂದು ಸಾಲು. ಹಕ್ಕಿಯನ್ನು ಮೊದಲು ಕಂಡವರ ಸಾಲಿಗೆ ಬೊಟ್ಟು, ಉಳಿದವರಿಗೆಲ್ಲ ಅವರ ಕಡೆಯಿಂದ ಚಹಾ. ನೀರು ಬಿಟ್ಟ ಸುದ್ದಿ ಬಂದ ದಿನ ಒಂದು ಗೋಣಿತಟ್ಟು ತೋಯಿಸಿ ಗೋಡೆಯನ್ನೆಲ್ಲ ಒರೆಸಿಬಿಡುತ್ತಿದ್ದಳು. ಆಕೆಗೆ ಕಾಗೆ, ಗುಬ್ಬಿ, ಕೋಳಿ ಬಿಟ್ಟರೆ ಹಕ್ಕಿಯ ಗಂಧವೇ ಇರಲಿಲ್ಲ. ಆದರೆ ಯಾವ ಬೊಟ್ಟು ಯಾವ ಹಕ್ಕಿಯದು ಎಂದು ಕೇಳಿದರೆ ಸೌಟು ತೋರಿಸಿ ಒಂದೂ ತಪ್ಪದೆ ಹೇಳುತ್ತಿದ್ದಳು.

ಎರಡು ಕಾನೂನುಗಳನ್ನು ಮಾಡಿದವಳೂ ಆಕೆಯೇ. ಮೊದಲಿಗೆ ಅಂಚೆಯ ಸಂಗಣ್ಣನೂ ಈ ಎಣಿಕೆಗೆ ಸೇರಿದ್ದ. ಒಂದು ದಿನ ಅವನು ಬಂದು, ಕಾಲುವೆಯಲ್ಲಿ ಹಂಸ ಕಂಡೆ, ಅದು ಹಾಲು ನೀರು ಬೇರೆ ಮಾಡುತ್ತಿತ್ತು ಎಂದ. ಜೈತುನಬೀ ಒಂದು ಲೋಟ ಚಹಾ ಅವನ ಮುಂದಿಟ್ಟು, "ಆ ಹಂಸ ಕರ್ಕೊಂಡು ಬಾ, ಇದ್ರಾಗಿನ ಹಾಲು ಬ್ಯಾರಿ ಮಾಡ್ಲಿ" ಎಂದಳು. ಸಂಗಣ್ಣ ಆಮೇಲೆ ಎಣಿಕೆಯ ಕಡೆ ತಲೆ ಹಾಕಲಿಲ್ಲ. ಅವತ್ತಿನಿಂದ ಕಾನೂನು: ಒಬ್ಬರೇ ಕಂಡ ಹಕ್ಕಿ ಕಂಡ ಹಾಗಲ್ಲ, ಎರಡನೇ ಜೋಡಿ ಕಣ್ಣು ಬೇಕು, ಆ ಕಣ್ಣಿನವರು ಅಂಗಡಿಗೆ ಬಂದು ಆಕೆಯ ಮುಂದೆ ಬಾಯಿಬಿಟ್ಟು ಹೇಳಬೇಕು. ಇನ್ನೊಂದು ಕಾನೂನು, ಸಾಕಿದ್ದು ನಡೆಯುವುದಿಲ್ಲ. ಇದು ಮುದುಕಮ್ಮನ ಸಲುವಾಗಿ ಮಾಡಿದ್ದು. ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು ಯಾದಗಿರಿ ಸಂತೆಗೆ ಹೋಗುವ ಈ ಅಜ್ಜಿ ಬಸ್ಸು ನಿಂತಾಗಲೆಲ್ಲ, "ಬಿಸಲಾಗ ಕೋಳಿ ಸಾಯಾಕತ್ಯಾವ, ಇವಂದು ಹಕ್ಕಿ ಹುಚ್ಚು" ಎಂದು ಬೈಯುತ್ತಿದ್ದಳು. ಬೈದ ಮೇಲೆ, "ಎಣಿಸೂದಾದ್ರ ನನ್ನ ಕೋಳಿ ಎಣಿಸು, ಅವೇನು ಹಕ್ಕಿ ಅಲ್ಲೇನು" ಎಂದು ಜಗಳ ತೆಗೆಯುತ್ತಿದ್ದಳು.

ಬಸ್ಸು ನಿಲ್ಲಿಸುತ್ತಿದ್ದುದು ಈ ಎರಡನೇ ಜೋಡಿ ಕಣ್ಣಿಗಾಗಿ. ಮರಿಲಿಂಗಪ್ಪ ಒಂದು ಸೀಟಿ ಊದಿ, ಬೆರಳು ಚಾಚಿ, "ಜಾಲಿ ಗಿಡದ ಮ್ಯಾಲಿನ ಟೊಂಗಿ, ಎಡಕ್ಕ, ಕಂಡ್ತೇನ್ರಿ?" ಎನ್ನುತ್ತಿದ್ದ. ಯಾರಾದರೂ "ಕಂಡ್ತು" ಎಂದರೆ ಅವರನ್ನು ಶಹಾಪುರದಲ್ಲಿ ಇಳಿಸಿ ಜೈತುನಬೀ ಮುಂದೆ ನಿಲ್ಲಿಸುತ್ತಿದ್ದ. ಕೆಲವರು ಚಹಾದ ಆಸೆಗೆ ಕಾಣದ್ದನ್ನೂ ಕಂಡೆ ಎನ್ನುತ್ತಿದ್ದರು. ಆಕೆ, "ಕೊಕ್ಕು ಎಂಥ ಬಣ್ಣ?" ಎಂದು ಒಂದೇ ಪ್ರಶ್ನೆಗೆ ಅವರನ್ನು ಉದುರಿಸಿಬಿಡುತ್ತಿದ್ದಳು. ಕೊನೆಗೆ ದಿನಾ ಸಿಗುವವಳೂ, ಕೊಕ್ಕಿನ ಬಣ್ಣ ತಪ್ಪದೆ ಹೇಳುವವಳೂ ನಾನೇ ಎಂದಾಗಿ, ಬಾಗಿಲ ಪಕ್ಕದ ಕಿಟಕಿಯ ಸೀಟು ನನಗೆ ಕಾಯಂ ಆಯಿತು. ಬೈಯುತ್ತಲೇ ನೋಡಿದೆ. ನೋಡುತ್ತ ನೋಡುತ್ತ ನನ್ನ ಸಾಲಿನಲ್ಲೂ ಬೊಟ್ಟು ಬಿದ್ದವು.

ನಮ್ಮಲ್ಲಿ ಪುಸ್ತಕವಿರಲಿಲ್ಲ. ಹೆಸರು ಗೊತ್ತಿದ್ದ ಹಕ್ಕಿಗೆ ಆ ಹೆಸರು, ಗೊತ್ತಿಲ್ಲದ್ದಕ್ಕೆ ನಾವು ಇಟ್ಟದ್ದೇ ಹೆಸರು. ತಿಳಿದವರು ಕೇಳಿದರೆ ಹೊಟ್ಟೆ ಹಿಡಿದುಕೊಂಡು ನಗಬಹುದು, ನಗಲಿ. ಕಾಲುವೆ ಬರುವ ಮುಂಚೆ ಈ ರಸ್ತೆಯಲ್ಲಿ ಕೌಜುಗ, ನವಿಲು, ನೆಲಗುಬ್ಬಿ, ಇಂಥ ಒಣನೆಲದ ಹಕ್ಕಿಗಳಷ್ಟೇ ಇದ್ದವು. ನೀರು ಹರಿದು, ಗದ್ದೆಯಾಗಿ, ತಗ್ಗಿನಲ್ಲಿ ಬಸಿನೀರು ನಿಂತು ಹೊಂಡಗಳಾದ ಮೇಲೆ ಎಲ್ಲೆಲ್ಲಿಯ ಹಕ್ಕಿಗಳೋ ಬಂದಿಳಿದವು. ನೀರು ಬಂದದ್ದರಿಂದ ಯಾರು ಯಾರಿಗೆ ಏನೇನು ಬಂತೋ, ಮರಿಲಿಂಗಪ್ಪನಿಗಂತೂ ಕೊಕ್ಕರೆ ಬಂತು ಎಂದು ನಾನು ಚಾಷ್ಟಿ ಮಾಡುತ್ತಿದ್ದೆ.

ಈಗ ಡ್ರೈವರ್ ಫಕ್ರುದ್ದೀನನ ಮಾತು ಹೇಳಬೇಕು. ಮರಿಲಿಂಗಪ್ಪ ಮತ್ತು ಅವನು ಒಂದೇ ಬಸ್ಸಿನಲ್ಲಿ ಹಣ್ಣಾದವರು. ಸೀಟಿ ಕೇಳಿದ ಕೂಡಲೇ ಬಸ್ಸು ನಿಲ್ಲಿಸುತ್ತಿದ್ದ, ಆದರೆ ತಾನು ತಲೆ ತಿರುಗಿಸುತ್ತಿರಲಿಲ್ಲ. "ಡ್ರೈವರ್ ಕಣ್ಣು ರಸ್ತೆದ್ದು, ಹಕ್ಕೀದಲ್ಲ" ಎನ್ನುವುದು ಅವನ ಪಟ್ಟು. ಹೀಗಾಗಿ ಗೋಡೆಯಲ್ಲಿ ಮರಿಲಿಂಗಪ್ಪನ ಸಾಲು ಒಲೆಯ ಆ ಕಡೆಯವರೆಗೆ ಹೋದರೆ, ಫಕ್ರುದ್ದೀನನ ಸಾಲಿನಲ್ಲಿ ವರ್ಷಕ್ಕೆ ಒಂದೇ ಬೊಟ್ಟು. ಆ ಒಂದರ ಮೇಲೆ ಅವನಿಗೆ ಇದ್ದ ಅಭಿಮಾನ ಅಷ್ಟಿಷ್ಟಲ್ಲ. ಒಂದು ಚಳಿಗಾಲ ಇಂಜಿನ್ನಿಗೆ ನೀರು ತರಲು ಶಹಾಪುರಕ್ಕಿಂತ ಮೊದಲು ಸಿಗುವ ಬಸಿನೀರಿನ ಹೊಂಡಕ್ಕೆ ಇಳಿದಾಗ, ನೀರಮೇಲಿನ ಎಲೆಗಳ ಮೇಲೆ ಉದ್ದುದ್ದ ಬೆರಳಿಟ್ಟು ನಡೆಯುತ್ತಿದ್ದ ಒಂದು ಹಕ್ಕಿ ಅವನಿಗೆ ಕಂಡಿತ್ತು. ಮೇಲೆ ಮಾಸಲು ಕಂದು, ಕೆಳಗೆ ಬಿಳಿ, ಎದೆಗೆ ಕರಿದಾರ ಕಟ್ಟಿದಂತೆ ಒಂದು ಗೆರೆ. ಮರಿಲಿಂಗಪ್ಪನೂ ಅದುವರೆಗೆ ಅದನ್ನು ಕಂಡಿರಲಿಲ್ಲ. ಅದಕ್ಕೆ ನಾವು ಫಕ್ರುದ್ದೀನನ ಹಕ್ಕಿ ಎಂದೇ ಹೆಸರಿಟ್ಟೆವು. ಪ್ರತಿ ಚಳಿಗಾಲ, ಭತ್ತ ಕೊಯ್ದು ಹೊಂಡಕ್ಕೆ ದಾರಿ ಬಿಟ್ಟ ಕೂಡಲೇ ಫಕ್ರುದ್ದೀನ ತಾನೇ ಬಸ್ಸು ನಿಲ್ಲಿಸಿ, ಯಾರ ಸೀಟಿಗೂ ಕಾಯದೆ, ಲುಂಗಿ ಎತ್ತಿಕಟ್ಟಿದವನಂತೆ ಪ್ಯಾಂಟು ಮಡಚಿ ಇಳಿದುಹೋಗಿ ತನ್ನ ಹಕ್ಕಿ ಬಂದಿದೆಯೋ ಇಲ್ಲವೋ ನೋಡಿ ಬರುತ್ತಿದ್ದ. ಅವತ್ತು ಅವನ ಮುಖದ ಮೇಲಿನ ಕಳೆ ನೋಡಬೇಕು.

ಅದೇ ಹೊಂಡದಲ್ಲಿ ಮಳೆಗಾಲದಲ್ಲಿ ಇನ್ನೊಂದು ಹಕ್ಕಿ ಇರುತ್ತಿತ್ತು. ಮೈ ಚಾಕಲೇಟು ಬಣ್ಣ, ರೆಕ್ಕೆ ಬಿಳಿ, ಕುತ್ತಿಗೆಯ ಹಿಂದೆ ಹೊನ್ನು, ಕುಡುಗೋಲಿನ ಹಾಗೆ ಬಾಗಿದ ಉದ್ದ ಬಾಲ. ಬಾಲದರಾಣಿ ಎಂದು ನಾವು ಕರೆಯುತ್ತಿದ್ದೆವು. ಭತ್ತ ನಾಟಿ ಮಾಡಿ ಸುತ್ತಲಿನ ದಾರಿ ಕೆಸರಾಗುವುದರೊಳಗೆ ಮರಿಲಿಂಗಪ್ಪ ಹೋಗಿ ಅದನ್ನು ಕಂಡು ಬರುತ್ತಿದ್ದ. ಪ್ರತಿವರ್ಷ ಅವನ ಸಾಲಿನ ಮೊದಮೊದಲ ಬೊಟ್ಟುಗಳಲ್ಲಿ ಅದೂ ಒಂದು.

ಮರಿಲಿಂಗಪ್ಪನ ಆಸೆ ಒಂದೇ: ಎಲ್ಲರ ಸಾಲು ಸೇರಿ ಒಂದು ವರ್ಷವಾದರೂ ಗೋಡೆ ನೂರು ಮುಟ್ಟಬೇಕು. ಪ್ರತಿವರ್ಷ ತೊಂಬತ್ತರ ಆಸುಪಾಸಿನಲ್ಲಿ ಎಣಿಕೆ ದಣಿದು ನಿಲ್ಲುತ್ತಿತ್ತು. ನಾನು ಹೇಳುತ್ತಿರುವ ವರ್ಷದ ಜೂನ್ ಕೊನೆಗೆ ಅವನ ನಿವೃತ್ತಿ. ಹೊಸ ನೀರು ಬಿಡುವುದು ಜುಲೈಯಲ್ಲಿ. ಅಂದರೆ ಸೀಟಿ ಅವನ ಕೊರಳಲ್ಲಿರುವ ಕೊನೆಯ ವರ್ಷ ಅದು. "ನೂರು ಮಾಡಿನೇ ಬ್ಯಾಗ್ ಇಳಸ್ತೀನಿ" ಎಂದು ಜೈತುನಬೀ ಅಂಗಡಿಯಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟ. ಮಾತು ಬಸ್ಸಿನಲ್ಲೆಲ್ಲ ಹಬ್ಬಿತು. ಆ ವರ್ಷ ದಿನಾ ಹತ್ತುವವರೆಲ್ಲ, "ಎಷ್ಟಾತು?" ಎಂದು ಕೇಳಿಯೇ ಟಿಕೆಟ್ಟು ತೆಗೆದುಕೊಳ್ಳುತ್ತಿದ್ದರು.

ಚಳಿ ಮುಗಿಯುವ ಹೊತ್ತಿಗೆ ತೊಂಬತ್ತೊಂಬತ್ತಾಗಿತ್ತು. ಒಂದು ಬೆಳಗ್ಗೆ ಯಾದಗಿರಿ ಇನ್ನೂ ದೂರವಿರುವಾಗ ಕಡಲೆ ಕಿತ್ತ ಹೊಲವೊಂದರಲ್ಲಿ ಬೂದು ಬಣ್ಣದ, ಕರೀ ಕೊರಳಿನ ಎತ್ತರದ ಹಕ್ಕಿಗಳ ದೊಡ್ಡ ಹಿಂಡು ಇಳಿದಿತ್ತು. ದೂರದ ದೇಶದಿಂದ ಚಳಿಗೆ ಬರುವ ಕ್ರೌಂಚಗಳು. ಅಷ್ಟು ವರ್ಷಗಳಲ್ಲಿ ಅವು ನಮ್ಮ ರಸ್ತೆಗೆ ಬಂದದ್ದಿಲ್ಲ. ಮರಿಲಿಂಗಪ್ಪ ಸೀಟಿ ಬಾಯಿಗಿಡುವ ಮೊದಲೇ ಫಕ್ರುದ್ದೀನ ಬ್ರೇಕು ಹಾಕಿದ. ಬಸ್ಸಿನವರೆಲ್ಲ ಒಂದೇ ಮಗ್ಗುಲಿಗೆ ಬಂದು, ಬಸ್ಸು ಆ ಕಡೆಗೆ ವಾಲಿತು. ಸಾಕ್ಷಿಗೆ ಕೊರತೆಯೇ ಇಲ್ಲ. ತಿರುಗಿ ಬರುವಾಗ ಶಹಾಪುರದಲ್ಲಿ ಅರ್ಧ ಬಸ್ಸು ಜೈತುನಬೀ ಅಂಗಡಿಯ ಮುಂದೆ ನಿಂತು, "ಕೊಕ್ಕು ಹಳದಿ ಅದ" ಎಂದು ಕೇಳುವ ಮುಂಚೆಯೇ ಕೂಗಿತು. ಆಕೆ ನೂರನೇ ಬೊಟ್ಟನ್ನು ಉಳಿದವಕ್ಕಿಂತ ದೊಡ್ಡದಾಗಿ, ಹೆಬ್ಬೆರಳಿನಿಂದ ಇಟ್ಟಳು. ಮರುದಿನ ಪರಾತ ತುಂಬ ಬ್ರೆಡ್ಡಿನ ಸಿಹಿ, ಡಬಲ್ ಕಾ ಮೀಠಾ, ಮಾಡಿಕೊಂಡು ಬಂದು ಬಂದವರಿಗೆಲ್ಲ ಹಂಚಿದಳು. ಮರಿಲಿಂಗಪ್ಪ ಲವಂಗ ಉಗುಳಿ ಮೀಠಾ ತಿಂದ. ಅಷ್ಟು ಸಂತೋಷದಲ್ಲಿ ಅವನನ್ನು ನಾನು ಮತ್ತೆ ಎಂದೂ ಕಾಣಲಾರೆ ಎಂದು ಆಗ ಅಂದುಕೊಂಡಿದ್ದೆ.

ಮೇ ತಿಂಗಳು ಬಂತು. ಕಾಲುವೆ ಬಂದ್ ಆಗಿ, ನೆಲ ಬಿರಿದು, ಹಕ್ಕಿಯ ಮಾತೇ ತಣ್ಣಗಾಗಿತ್ತು. ಬೇಸಿಗೆಯಲ್ಲಿ ನಾವು ಯಾವ ವರ್ಷವೂ ಹಕ್ಕಿ ಹುಡುಕಿದವರಲ್ಲ, ನೆರಳು ಹುಡುಕಿದವರು. ಶಾಲೆಗೆ ರಜೆ ಇದ್ದರೂ ಒಂದು ತರಬೇತಿಗೆಂದು ನಾನು ಯಾದಗಿರಿಗೆ ಹೊರಟಿದ್ದೆ. ಆ ಬಸಿನೀರಿನ ಹೊಂಡದ ಹತ್ತಿರವೇ ಬಸ್ಸಿನ ಹಿಂದಿನ ಗಾಲಿ ಪಂಕ್ಚರ್ ಆಯಿತು. ಫಕ್ರುದ್ದೀನ ಜಾಕು ತೆಗೆದು ಗಾಲಿ ಬಿಚ್ಚಲು ಕೂತ. ಮಂದಿ ಬೇವಿನ ಗಿಡದ ಕೆಳಗೆ ಸೇರಿದರು. ಮರಿಲಿಂಗಪ್ಪ ಟವೆಲು ತೋಯಿಸಿಕೊಂಡು ಬರುತ್ತೇನೆಂದು ಹೊಂಡದ ಕಡೆ ನಡೆದ.

ತುಸು ಹೊತ್ತಿಗೆ ತಿರುಗಿ ಬಂದ. ಟವೆಲು ಒಣಗಿದ್ದು ಒಣಗಿದ ಹಾಗೇ ಹೆಗಲ ಮೇಲಿತ್ತು. ನನ್ನ ಪಕ್ಕದಲ್ಲಿ ಬೇರಿನ ಮೇಲೆ ಕೂತು, ಬಾಯಲ್ಲಿದ್ದ ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಹಾಕಿದ.

"ಅಕ್ಕೋರೆ, ಒಬ್ಬನೇ ಕಂಡದ್ದು ಕಂಡಂಗಲ್ಲ. ಹೌದಿಲ್ಲೋ?"

"ಜೈತುನಬೀ ಕಾನೂನು ಅದು. ನನ್ನ ಯಾಕ ಕೇಳ್ತೀರಿ?"

"ಹೌದು" ಎಂದ. ಗಾಲಿಯ ಕಡೆ ನೋಡಿದ, ಹೊಂಡದ ಕಡೆ ನೋಡಿದ. ಫಕ್ರುದ್ದೀನ ಕೊನೆಯ ನಟ್ಟು ಬಿಗಿದು ಎದ್ದು ನಿಲ್ಲುವವರೆಗೆ ಹಾಗೇ ಕೂತಿದ್ದ. ಆಮೇಲೆ ಎದ್ದುಹೋಗಿ ಅವನ ತೋಳು ಹಿಡಿದ. "ಬಾ ಇಲ್ಲೆ. ಒಂದು ತೋರಸ್ತೀನಿ." ಏನೋ ಇದೆ ಎಂದು ನನಗೂ ಅನಿಸಿ, ಕೊಡೆ ಬಿಚ್ಚಿಕೊಂಡು ಹಿಂದೆ ಹೋದೆ.

ಹೊಂಡ ಬತ್ತಿ ಅಂಗಳದಷ್ಟಾಗಿತ್ತು. ಉಳಿದ ಎಲೆಗಳ ಮೇಲೆ ಒಂದು ಹಕ್ಕಿ ನಡೆಯುತ್ತಿತ್ತು. ಬೆನ್ನು ಫಕ್ರುದ್ದೀನನ ಹಕ್ಕಿಯದೇ ಮಾಸಲು ಕಂದು. ಎದೆಯ ಕರಿದಾರವೂ ಅದೇ. ಆದರೆ ಹೊಟ್ಟೆಯ ಬಿಳುಪಿನಲ್ಲಿ ಚಾಕಲೇಟು ಬಣ್ಣದ ತೇಪೆಗಳು ಎದ್ದಿದ್ದವು, ಕುತ್ತಿಗೆಯ ಹಿಂದೆ ಹೊನ್ನು ಮೂಡಿತ್ತು, ಹಿಂದೆ ಬಾಲ ಅರ್ಧ ಬೆಳೆದು ಮೊಂಡಾಗಿ ನಿಂತಿತ್ತು. ಅದರ ಆಚೆ ಇನ್ನೊಂದು, ಅದಕ್ಕೆ ಬಾಲ ಇನ್ನೂ ಸ್ವಲ್ಪ ಉದ್ದ. ನನಗೆ ನೋಡಿದ ಕೂಡಲೇ ತಿಳಿಯಿತು. ಮಳೆಗಾಲದ ಬಾಲದರಾಣಿಯೂ ಚಳಿಗಾಲದ ಫಕ್ರುದ್ದೀನನ ಹಕ್ಕಿಯೂ ಒಂದೇ. ಮಳೆಗೆ ಸಿಂಗಾರ ಮಾಡಿಕೊಳ್ಳುತ್ತದೆ, ಚಳಿಗೆ ಕಳಚಿಡುತ್ತದೆ. ನಡುವಿನ ತಿಂಗಳುಗಳಲ್ಲಿ ಭತ್ತದ ಕೆಸರು ನಮ್ಮನ್ನು ಹೊಂಡಕ್ಕೆ ಬಿಟ್ಟಿರಲಿಲ್ಲ, ಬೇಸಿಗೆಯಲ್ಲಿ ನಾವೇ ಬಂದಿರಲಿಲ್ಲ. ಅದು ಬಟ್ಟೆ ಬದಲಿಸುವುದನ್ನು ನಾವು ಒಂದು ಸಲವೂ ನೋಡಿರಲಿಲ್ಲ.

ಅಂದರೆ ಗೋಡೆಯ ಮೇಲೆ ಇರುವುದು ನೂರಲ್ಲ.

ಫಕ್ರುದ್ದೀನ ಗ್ರೀಸಿನ ಕೈಗಳನ್ನು ಮೈಯಿಂದ ದೂರ ಹಿಡಿದು ಬಹಳ ಹೊತ್ತು ನೋಡಿದ. ಅವನಿಗೂ ತಿಳಿಯಿತು ಎಂದು ಅವನ ಮುಖವೇ ಹೇಳಿತು. ಆಮೇಲೆ ಬೆನ್ನು ತಿರುಗಿಸಿದ.

"ನಾ ಏನೂ ನೋಡಿಲ್ಲ. ಕಣ್ಣಾಗ ಗ್ರೀಸ್ ಹೋಗ್ಯದ" ಎಂದ.

"ಫಕ್ರು."

"ನೋಡಿಲ್ಲಂದ್ರ ನೋಡಿಲ್ಲ. ಅಕ್ಕೋರೂ ನೋಡಿಲ್ಲ. ಅವರ ಕೊಡಿ ಅಡ್ಡ ಇತ್ತು. ಇನ್ನೊಂದು ತಿಂಗಳ ನೌಕರಿ ಅದ ನಿಂದು. ನೂರು ಮಾಡಿ ಸುಮ್ಕ ಮನಿಗಿ ಹೋಗು."

ನನ್ನ ಕೊಡೆ ಅಡ್ಡ ಇರಲಿಲ್ಲ. ಆದರೂ ನಾನು ಬಾಯಿಬಿಡಲಿಲ್ಲ. ಇದು ಇವರಿಬ್ಬರ ಹಕ್ಕಿ, ಇವರೇ ತೀರ್ಮಾನಿಸಲಿ ಎನಿಸಿತು. ನಿಜ ಹೇಳಬೇಕೆಂದರೆ ನನಗೂ ಆ ನೂರು ಹಾಗೇ ಉಳಿಯಲಿ ಎಂಬ ಆಸೆ ಇತ್ತು. ಅಷ್ಟು ವರ್ಷ ಸೊಂಟ ಬಗ್ಗಿಸಿ ಬಗ್ಗಿಸಿ ನೋಡಿದ ಮನುಷ್ಯ, ಅವನಿಗೆ ಒಂದು ಬೊಟ್ಟು ಹೆಚ್ಚಾದರೆ ಯಾರ ಗಂಟು ಹೋಗುತ್ತದೆ?

"ನಾ ನೋಡೀನಲ್ಲ" ಎಂದ ಮರಿಲಿಂಗಪ್ಪ. ಅಷ್ಟೇ ಹೇಳಿ ಬಸ್ಸಿನ ಕಡೆ ನಡೆದ.

ಶಹಾಪುರದಲ್ಲಿ ಬಸ್ಸು ನಿಂತ ಕೂಡಲೇ ಅವನು ಜೈತುನಬೀ ಮುಂದೆ ಹೋಗಿ ನಿಂತು ಇದ್ದದ್ದನ್ನು ಹೇಳಿದ. ಆಕೆ ಚಹಾ ಸೋಸುತ್ತಲೇ ಕೇಳಿಸಿಕೊಂಡಳು.

"ಎರಡನೇ ಕಣ್ಣು ಯಾರದು?"

ಮರಿಲಿಂಗಪ್ಪ ಫಕ್ರುದ್ದೀನನನ್ನು ನೋಡಿದ. ಫಕ್ರುದ್ದೀನ ತಟ್ಟೆಯಲ್ಲಿದ್ದ ಮಂಡಕ್ಕಿ ಸುಸಲಾದಲ್ಲಿ ಮೆಣಸಿನಕಾಯಿ ಹುಡುಕುತ್ತಿದ್ದ. ಆಕೆ ನನ್ನ ಕಡೆ ನೋಡಿದಳು. ನಾನು ಫಕ್ರುದ್ದೀನನ ತಟ್ಟೆ ನೋಡಿದೆ.

"ಹಂಗಾದ್ರ ನಡಿಯಂಗಿಲ್ಲ" ಎಂದಳು. "ಒಬ್ಬ ಕಂಡದ್ದು ಬೊಟ್ಟು ಇಡಾಕೂ ಬರಂಗಿಲ್ಲ, ಅಳಸಾಕೂ ಬರಂಗಿಲ್ಲ. ಚಹಾ ಕುಡಿ, ಹೋಗು."

ಬಿಡುಗಡೆ ಸಿಕ್ಕಿತು ಎಂದು ನಾನಂತೂ ಉಸಿರು ಬಿಟ್ಟೆ. ಮರಿಲಿಂಗಪ್ಪ ಹೋಗಲಿಲ್ಲ. ಗೋಡೆಯ ಹತ್ತಿರ ಬಗ್ಗಿ, ತನ್ನ ಸಾಲಿನ ಆರಂಭದ ಬಾಲದರಾಣಿಯ ಬೊಟ್ಟಿನ ಮೇಲೆ ಬೆರಳಿಟ್ಟ.

"ಇದನ್ನ ಅಳಸ್ರಿ. ಫಕ್ರುಂದು ಹಂಗೇ ಇರ್ಲಿ. ಅವಂದು ಒಂದೇ ಅದ."

ಫಕ್ರುದ್ದೀನ ತಟ್ಟೆ ಕೆಳಗಿಟ್ಟ. "ಅದ್ಯಾಕ? ರಾಣಿ ನಿಂದು. ಅಳಸೂದಾದ್ರ ನಂದು ಅಳಸ್ರಿ. ಮೊದಲು ಕಂಡಾವ ನೀನು."

"ಈ ವರ್ಷ ಮೊದಲು ಕಂಡಿರಬಹುದು. ಆ ಹೊಂಡದಾಗ ಆ ಹಕ್ಕಿ ಹುಡುಕಿದಾವ ನೀನು."

"ನಂದು ಸಾದಾ ಹಕ್ಕಿ. ಬಾಲ ಇಲ್ಲ, ಏನಿಲ್ಲ. ಅದಕ್ಯಾಕ ಇದನ್ನ ಅಳಸ್ತಿ?"

"ಬಾಲ ಬಂದದಲ್ಲ ಈಗ."

"ಎಲ್ಲಿ ಬಂದದ? ಇಷ್ಟೇ ಬಂದದ, ಅರ್ಧ" ಎಂದು ಫಕ್ರುದ್ದೀನ ಸಿಟ್ಟಿನಲ್ಲಿ ಕೈ ಚಾಚಿ, ಗೇಣು ಹಾಕಿ ತೋರಿಸಿದ.

ಜೈತುನಬೀ ಸೋಸುವುದನ್ನು ನಿಲ್ಲಿಸಿ ಅವನ ಚಾಚಿದ ಕೈ ನೋಡಿದಳು. ಫಕ್ರುದ್ದೀನನೂ ತನ್ನ ಕೈಯನ್ನು ತಾನೇ ನೋಡಿಕೊಂಡ. ಕಂಡದ್ದನ್ನು ಆಕೆಯ ಮುಂದೆ ಬಾಯಿಬಿಟ್ಟು ಹೇಳಿಯಾಗಿತ್ತು.

"ಎರಡು ಜೋಡಿ ಆತು" ಎಂದಳು ಜೈತುನಬೀ. ಕೈ ಒರೆಸಿಕೊಂಡು ಬಂದು, ಒಲೆಯ ಬಾಯಿಯ ಮಸಿಯಲ್ಲಿ ಹೆಬ್ಬೆರಳು ಒತ್ತಿ, ಮರಿಲಿಂಗಪ್ಪನ ಸಾಲಿನ ಬೊಟ್ಟನ್ನು ಮುಚ್ಚಿದಳು. "ಇನ್ನ ಆ ಬಾಲದ್ದೂ ಫಕ್ರುದ್ದೀನನ ಹಕ್ಕೀನೇ. ಮಳಿಗಾಲಕ್ಕ ಛಲೋ ಅಂಗಿ ಹಾಕ್ಕೋತದ, ಅಷ್ಟೇ" ಎಂದಳು. ಫಕ್ರುದ್ದೀನ ಹೊರಗೆ ಹೋಗಿ, ಬಿಗಿದ ನಟ್ಟುಗಳನ್ನೇ ಮತ್ತೆ ಬಿಗಿಯತೊಡಗಿದ. ನನಗೆ ಕಣ್ಣು ತುಂಬಿತು. ತಿಂದ ಮೀಠಾ ಮಾತ್ರ ವಾಪಸು ಕೇಳಬೇಡಿ ಎಂದು ಜೈತುನಬೀಗೆ ಚಾಷ್ಟಿ ಮಾಡಿ ಕಣ್ಣೀರು ಮರೆಸಿದೆ.

ಜೂನ್ ಪೂರ್ತಿ ಹುಡುಕಿದೆವು. ಮಳೆಯ ಜೊತೆ ಬರುವ ಹಕ್ಕಿಗಳೆಲ್ಲ ಬಂದವು, ಆದರೆ ಅವನ್ನೆಲ್ಲ ಹಿಂದಿನ ಜುಲೈಯಲ್ಲೇ ಎಣಿಸಿಯಾಗಿತ್ತು. ಹೊಸದು ಒಂದೂ ಇಲ್ಲ. ಬಸ್ಸಿನವರಿಗೂ ಸುದ್ದಿ ಮುಟ್ಟಿತ್ತು. ತಾನೇ ಹೋಗಿ ತನ್ನ ಬೊಟ್ಟು ಅಳಿಸಿಕೊಂಡು ಬಂದವನನ್ನು ಹುಚ್ಚ ಎಂದವರೂ ಇದ್ದರು, ಹಾಗೆ ಎಂದವರೇ ದಿನಾ ಕಿಟಕಿಗೆ ಮೂಗು ಹಚ್ಚಿ ಕೂರುತ್ತಿದ್ದರು. ಯಾರೋ ಒಬ್ಬರು ಹದ್ದು ತೋರಿಸಿದರು, ಇನ್ನೊಬ್ಬರು ಬಾವಲಿ ತೋರಿಸಿದರು. ಮರಿಲಿಂಗಪ್ಪ ಒಬ್ಬೊಬ್ಬರಿಗೂ ಸಮಾಧಾನದಿಂದ, "ಹದ್ದು ಎಣಿಸಿವ್ರಿ, ಬಾವಲಿ ಹಕ್ಕಿ ಅಲ್ರಿ" ಎಂದು ಹೇಳಿ ಚಿಲ್ಲರೆ ಕೊಟ್ಟು ಮುಂದೆ ಹೋಗುತ್ತಿದ್ದ. ನೂರು ಆಗುವಾಗ ಇದ್ದ ಚಡಪಡಿಕೆ ಅವನಲ್ಲಿ ಇರಲೇ ಇಲ್ಲ. ನನಗೇ ಅವನಿಗಿಂತ ಹೆಚ್ಚು ಆತುರವಾಗಿತ್ತು.

ಕೊನೆಯ ದಿನ ಬಂತು. ಲಾಲಮ್ಮ ಅವನ ಖಾಕಿ ಅಂಗಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಸಿದ್ದಳು. ಶಹಾಪುರದಲ್ಲಿ ಜೈತುನಬೀ ಚಹಾಕ್ಕೆ ಕಾಸು ತೆಗೆದುಕೊಳ್ಳಲಿಲ್ಲ. ಗೋಡೆಯ ಮೇಲೆ ತೊಂಬತ್ತೊಂಬತ್ತು ಬೊಟ್ಟು, ಒಂದು ಮಸಿಯ ಹೆಬ್ಬೆರಳು. ಯಾದಗಿರಿ ಡಿಪೋದಲ್ಲಿ ಬ್ಯಾಗು ಒಪ್ಪಿಸಬೇಕಿತ್ತು, ಅಲ್ಲಿಯವರೆಗೆ ಅವನ ಕೊನೆಯ ಹಾದಿ. ಬಸ್ಸು ಊರು ದಾಟಿದಾಗ ನಾನು ಒಳಗೆ ತಿರುಗಿ ನೋಡಿದೆ. ಎಡಗಡೆಯವರು ಎಡಕ್ಕೆ, ಬಲಗಡೆಯವರು ಬಲಕ್ಕೆ, ನಿಂತವರು ಬಗ್ಗಿ, ಎಲ್ಲರೂ ಹೊರಗೆ ನೋಡುತ್ತಿದ್ದರು. ಹೊರಗೆ ನೋಡದೆ ಇದ್ದವನು ಮರಿಲಿಂಗಪ್ಪ ಒಬ್ಬನೇ. ಅವನು ಸಲಾಕೆ ಹಿಡಿದು ಇವರನ್ನೆಲ್ಲ ನೋಡುತ್ತ ನಿಂತಿದ್ದ.

"ಏ ಮರಿಲಿಂಗ, ಸೀಟಿ ಹೊಡಿ."

ಹೇಳಿದವಳು ಮುದುಕಮ್ಮ. ಕೋಳಿಯ ಬುಟ್ಟಿ ಕಾಲ ಸಂದಿಯಲ್ಲಿಟ್ಟುಕೊಂಡು ಕಿಟಕಿಗೆ ಬೆರಳು ಒತ್ತಿದ್ದಳು. ಮರಿಲಿಂಗಪ್ಪ ಸೀಟಿ ಊದಿದ. ಬಸ್ಸು ನಿಂತಿತು. ತಂತಿಯ ಮೇಲೆ ಒಂದು ಹಕ್ಕಿ ಕೂತಿತ್ತು. ಕೂತಾಗ ಮಾಸಲು, ಏನೂ ಅಲ್ಲ ಎನ್ನುವಂಥದ್ದು. ನಾವೆಲ್ಲ ನೋಡುತ್ತಿದ್ದ ಹಾಗೇ ಹಾರಿತು, ರೆಕ್ಕೆ ಬಿಚ್ಚಿದಾಗ ಒಳಗಿನ ನೀಲಿಯೆಲ್ಲ ಹೊರಗೆ ಬಂತು. ಬಸ್ಸಿನಲ್ಲಿ ಯಾರೋ ಮೆಲ್ಲಗೆ, "ಅಬ್ಬಾ" ಎಂದರು.

ಮರಿಲಿಂಗಪ್ಪ ಅಜ್ಜಿಯ ಕಡೆ ಬಗ್ಗಿದ. "ನೀಲಕಂಠ ಇದು, ಯವ್ವಾ. ನೀರು ಬಿಟ್ಟ ವಾರದಾಗೇ ಎಣಿಸಿವಿ."

"ಎಣಿಸಿದ್ರ ಎಣಿಸೀರಿ. ನಾ ಇವತ್ತ ಕಂಡೀನಿ" ಎಂದಳು ಮುದುಕಮ್ಮ. ಆಮೇಲೆ ಬುಟ್ಟಿ ಎಳೆದುಕೊಂಡು ಈಚೆ ಸರಿದು, ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟಳು. "ಕೂಡು. ನಿಂತು ನಿಂತು ಬೆನ್ನು ಬಾಗ್ಯದ ನಿಂದು."

ಅವನು ಕೂತ. ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಮೊದಲ ಸಲ ಬಸ್ಸು ಹತ್ತಿದವನಂತೆ ಎರಡೂ ಕೈ ಕಿಟಕಿಯ ಮೇಲಿಟ್ಟ. ನೀಲಕಂಠ ಮುಂದಿನ ಕಂಬದ ತಂತಿಗೆ ಹೋಗಿ ಕೂತು, ಮತ್ತೆ ಹಾರಿತು. ಹೊರಡಲು ಎರಡು ಸೀಟಿ ಊದಬೇಕು ಎನ್ನುವುದು ಅವನಿಗೆ ಮರೆತೇಹೋಗಿತ್ತು. ನಾನು ಮುಂದೆ ನೋಡಿದೆ. ಫಕ್ರುದ್ದೀನ ಇಂಜಿನ್ ಬಂದ್ ಮಾಡಿ, ಸ್ಟೇರಿಂಗಿನ ಮೇಲೆ ಮೊಣಕೈ ಊರಿ, ರಸ್ತೆ ಬಿಟ್ಟು ಆ ಹಕ್ಕಿಯನ್ನೇ ನೋಡುತ್ತಿದ್ದ. ಅಷ್ಟು ಹೊತ್ತಿಗೆ ನನ್ನ ಶಾಲೆಯಲ್ಲಿ ಪ್ರಾರ್ಥನೆ ಶುರುವಾಗಿರಬೇಕು. ನಾನು ಯಾರಿಗೂ ನೆನಪು ಮಾಡಲಿಲ್ಲ.